ಸೂಜಿಗೆ ದಾರ ಪೋಣಿಸುತ್ತಿದ್ದೆ, ಬಾಗಿಲಲ್ಲಿ ನಿಂತ ಗಿರಾಕಿ ಕಾಣುತ್ತಿರಲಿಲ್ಲ: ಮಂಗಳೂರಿನ ಒಂದು ಕಣ್ಣಿನ ವಿಭಾಗದ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹೊಗಳಲಿಕ್ಕೂ ಉಂಟು, ಬೈಯಲಿಕ್ಕೂ ಉಂಟು. ಹೆಸರು ಹಾಕಿ ಬೈದರೆ ಅದು ಕೊನೆಗೆ ಬಂದು ಬೀಳುವುದು ಕೌಂಟರಿನಲ್ಲಿ ಕೂತ ಪಾಪದ ಹುಡುಗಿಯರ ತಲೆಗೆ. ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಬರವಿಲ್ಲ. ಅವುಗಳಲ್ಲಿ ಒಂದರ ಕಣ್ಣಿನ ವಿಭಾಗ ಎಂದು ತಿಳಿದುಕೊಳ್ಳಿ. ಒಂಬತ್ತು ತಿಂಗಳಲ್ಲಿ ಹನ್ನೊಂದು ಸಲ ಹೋಗಿದ್ದೇನೆ. ಹಾಗಾಗಿ ಎರಡು ಮಾತು ಬರೆಯುವ ಹಕ್ಕು ಉಂಟು ಎಂದುಕೊಂಡಿದ್ದೇನೆ.

ನಾನು ಸುರತ್ಕಲ್‌ನಲ್ಲಿ ಟೈಲರ್. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್. ಸ್ಕೂಲ್ ಡೇ ಹತ್ತಿರ ಬಂದರೆ ಮಕ್ಕಳ ಡ್ಯಾನ್ಸ್ ಡ್ರೆಸ್ಸು ಕೂಡ. ವಯಸ್ಸು 38. ಹದಿನಾರು ವರ್ಷ ಮೆಷಿನ್ ತುಳಿದೆ. ಆಮೇಲೆ ಮೋಟಾರು ಹಾಕಿಸಿದೆ, ತುಳಿಯುವುದೂ ನಿಂತಿತು. ಅದರಿಂದಲೋ, ಸಂಜೆ ಚಾಯದ ಜೊತೆ ಗೋಳಿಬಜೆಯಿಂದಲೋ, ಒಂದೂವರೆ ವರ್ಷದಲ್ಲಿ ಹತ್ತು ಕಿಲೋ ಏರಿತ್ತು. ಈ ಹತ್ತು ಕಿಲೋ ಆಮೇಲೆ ಕಥೆಯಲ್ಲಿ ಬರುತ್ತದೆ.

ಶುರುವಾದದ್ದು ತಲೆನೋವಿನಿಂದ. ಬೆಳಿಗ್ಗೆ ಏಳುವಾಗಲೇ ಇರುತ್ತಿತ್ತು. ಮಲಗಿದರೆ ಜಾಸ್ತಿ, ಎದ್ದು ಓಡಾಡಿದರೆ ಸ್ವಲ್ಪ ಕಮ್ಮಿ. ಆಮೇಲೆ ಕಿವಿಯಲ್ಲಿ ಒಂದು ಶಬ್ದ. ಮಳೆಗಾಲದಲ್ಲಿ ನಮ್ಮ ಮನೆಗೆ ಕಡಲಿನ ಮೊರೆತ ಕೇಳುತ್ತದೆ. ಅದೇ ಇರಬೇಕು ಎಂದುಕೊಂಡೆ. ಆದರೆ ಕಡಲು ನಮ್ಮ ಎದೆಬಡಿತದ ತಾಳಕ್ಕೆ ಮೊರೆಯುವುದಿಲ್ಲ ಅಲ್ವಾ? ಇದು ಸರಿಯಾಗಿ ಅದೇ ತಾಳಕ್ಕೆ ಸುಂಯ್, ಸುಂಯ್ ಎನ್ನುತ್ತಿತ್ತು. ಮಳೆ ಮುಗಿದ ಮೇಲೂ ನಿಲ್ಲಲಿಲ್ಲ. ಮೂರನೆಯದು, ಬಗ್ಗಿ ಬಟ್ಟೆಯ ಗಂಟು ಎತ್ತಿ ನಿಂತರೆ ಎರಡು ಸೆಕೆಂಡ್ ಕಣ್ಣು ಕತ್ತಲೆ. ಕರೆಂಟು ಹೋಗಿ ಬಂದ ಹಾಗೆ. ಬಂದ ಮೇಲೆ ಎಲ್ಲ ಮೊದಲಿನಂತೆಯೇ.

ಊಟ ಸರಿ ಮಾಡದ್ದಕ್ಕೆ ಎಂದು ಅಮ್ಮ ಹೇಳಿದರು. ಎಲ್ಲ ಕಾಯಿಲೆಗೂ ಅಮ್ಮನ ಹತ್ತಿರ ಒಂದೇ ಕಾರಣ ಇರುವುದು.

ಮೊದಲು ಹೋದದ್ದು ಕನ್ನಡಕದ ಅಂಗಡಿಗೆ. ಹೊರಗೆ ದೊಡ್ಡ ಬ್ಯಾನರು, ಉಚಿತ ಕಂಪ್ಯೂಟರ್ ಕಣ್ಣಿನ ತಪಾಸಣೆ. ಮೆಷಿನ್‌ನೊಳಗೆ ಒಂದು ಚಿತ್ರ ನೋಡಿಸಿದರು, ಗೋಡೆಯ ಅಕ್ಷರ ಓದಿಸಿದರು. ಕೊನೆಯ ಸಾಲಿನವರೆಗೆ ಗಡಗಡ ಓದಿದೆ. "6/6 ಉಂಟು, ಹತ್ತಿರಕ್ಕೆ ಸ್ವಲ್ಪ ಪವರ್ ಬೇಕು, ಹೊಲಿಗೆ ಕೆಲಸ ಅಲ್ವಾ" ಎಂದು ಕನ್ನಡಕ ಕೊಟ್ಟರು. ಫ್ರೇಮು ಚಂದ ಇತ್ತು. ತಲೆನೋವು ಹೋಗಲಿಲ್ಲ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡುವ ಪರೀಕ್ಷೆಯನ್ನು ಅವರು ಸರಿಯಾಗಿಯೇ ಮಾಡಿದರು. ಆ ಪರೀಕ್ಷೆಯಲ್ಲಿ ನನ್ನ ಕಾಯಿಲೆ ಕಾಣುವುದೇ ಇಲ್ಲ ಎಂದು ನನಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಒಬ್ಬರು ಡಾಕ್ಟ್ರು ಮೈಗ್ರೇನ್ ಎಂದರು. ಮೂರು ತಿಂಗಳು ಮಾತ್ರೆ. ಆ ಮೂರು ತಿಂಗಳಿನ ಬಗ್ಗೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.

ಬಚಾವಾದದ್ದು ಒಬ್ಬಳು ಗಿರಾಕಿಯಿಂದ. ಅವಳು ನರ್ಸು, ಡ್ಯೂಟಿ ಮುಗಿಸಿ ಬ್ಲೌಸ್ ಟ್ರಯಲ್‌ಗೆ ಬಂದಿದ್ದಳು. ನಾನು ಮೆಷಿನ್‌ನಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಹನ್ನೊಂದನೇ ನಂಬರ್ ಸೂಜಿ, ಒಂದೇ ಸಲಕ್ಕೆ ಪೋಣಿಸಿದೆ. ಎದ್ದು ತಿರುಗಿದವಳು ನೇರ ಅವಳ ಮೈಮೇಲೆ ಹೋಗಿ ಬಿದ್ದೆ. "ಎಂತ ಅಕ್ಕ, ನಾನು ಆವಾಗಿನಿಂದ ಇಲ್ಲೇ ಎಡಬದಿಗೆ ನಿಂತಿದ್ದೇನಲ್ಲ, ಕಾಣಲಿಲ್ವಾ?" ಎಂದಳು. ಕಾಣಲಿಲ್ಲ. ಆ ವಾರ ಇಸ್ತ್ರಿ ಪೆಟ್ಟಿಗೆಯನ್ನೂ ಎರಡು ಸಲ ಕೈ ತಾಗಿಸಿ ಬೀಳಿಸಿದ್ದೆ. ತಲೆನೋವು, ಕಿವಿಯ ಶಬ್ದ ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು: "ಡ್ರಾಪ್ಸ್ ಹಾಕಿ ಕಣ್ಣಿನ ಹಿಂದೆ ಯಾರಾದರೂ ನೋಡಿದ್ದಾರಾ?" ಯಾರೂ ನೋಡಿರಲಿಲ್ಲ. "ನಾಳೆಯೇ ಹೋಗಿ. ಬ್ಲೌಸ್ ಆಮೇಲೆ ಸಾಕು." ಗಿರಾಕಿಯ ಬಾಯಲ್ಲಿ ಬ್ಲೌಸ್ ಆಮೇಲೆ ಸಾಕು ಎಂಬ ಮಾತು ಬಂದದ್ದು ಹದಿನಾರು ವರ್ಷದಲ್ಲಿ ಅದೇ ಮೊದಲು. ಹೆದರಿಕೆ ಆದದ್ದು ಆಗಲೇ.

ಈಗ ಆಸ್ಪತ್ರೆಗೆ ಬರುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಟೋಕನ್ ಕೊಡಲು ಶುರು. ಸುರತ್ಕಲ್‌ನಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಆಟೋ ಮಾಡಿ ನಾನು ಮುಟ್ಟುವಾಗ 43ನೇ ನಂಬರು. ಬೆಂಚುಗಳು ಸಾಲದು. ಟಿವಿಯ ವಾಲ್ಯೂಮ್ ಯಾರ ಕೈಯಲ್ಲಿ ಉಂಟು ಎಂದು ಇವತ್ತಿಗೂ ಗೊತ್ತಾಗಲಿಲ್ಲ. ಮೊದಲು ಅಕ್ಷರ ಓದಿಸಿದರು, ಮತ್ತೆ 6/6. ಆಮೇಲೆ ಒಬ್ಬಳು ಸಿಸ್ಟರ್ ಕಣ್ಣಿಗೆ ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿ ಕೂರಲು ಹೇಳಿದಳು. ಹತ್ತು ನಿಮಿಷಕ್ಕೊಮ್ಮೆ ಬಂದು ಮೂರು ಸಲ ಹಾಕಿದಳು. ಪಾಪೆ ಹಿಗ್ಗಿದ ಮೇಲೆ ಹತ್ತಿರದ್ದು ಏನೂ ಸರಿ ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ನಾಲ್ಕೈದು ಗಂಟೆ ಹಾಗೇ ಇರುತ್ತದೆ. ಇದನ್ನು ಮೊದಲೇ ಯಾರೂ ಹೇಳಲಿಲ್ಲ. ಇದು ನನ್ನ ಮೊದಲ ದೂರು. ಒಬ್ಬಳೇ ಹೋಗಿದ್ದೆ. ಮಂಗಳೂರಿನ ಮಧ್ಯಾಹ್ನದ ಬಿಸಿಲಿಗೆ ಆ ಕಣ್ಣು ಇಟ್ಟುಕೊಂಡು ರಸ್ತೆ ದಾಟಿದರೆ ಗೊತ್ತಾಗುತ್ತದೆ. ಕೌಂಟರಿನಲ್ಲಿ ಒಂದು ಬೋರ್ಡು ಹಾಕಿದರೆ ಆಯಿತು: ಜೊತೆಗೆ ಯಾರಾದರೂ ಬನ್ನಿ, ಸ್ಕೂಟರ್ ತರಬೇಡಿ, ಕರಿ ಕನ್ನಡಕ ಇದ್ದರೆ ತನ್ನಿ. ಮೂರು ಸಾಲು.

ಡಾಕ್ಟ್ರು ಚಿಕ್ಕ ವಯಸ್ಸಿನವರು. ಹಣೆಗೆ ಲೈಟು ಕಟ್ಟಿಕೊಂಡು, ಕೈಯಲ್ಲಿ ಒಂದು ಲೆನ್ಸು ಹಿಡಿದು ನೋಡಿದರು. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು. ಮಾತೇ ಇಲ್ಲ. ಎದ್ದು ಹೋಗಿ ದೊಡ್ಡ ಮೇಡಮ್ಮನ್ನು ಕರೆದುಕೊಂಡು ಬಂದರು. ಅವರೂ ನೋಡಿದರು. ಮೊದಲು ನನ್ನ ಬಿಪಿ ನೋಡಿಸಿದರು, ಬಿಪಿ ವಿಪರೀತ ಏರಿದರೂ ಹೀಗೆ ಆಗುತ್ತದಂತೆ. ಬಿಪಿ ಸರಿ ಇತ್ತು. ಆಮೇಲೆ ಕಣ್ಣಿನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು.

ಇಲ್ಲಿ ಅವರಿಗೆ ಪೂರ್ತಿ ಮಾರ್ಕು. ತೋರಿಸದೆ ಚೀಟಿ ಬರೆದು ಕಳಿಸಬಹುದಿತ್ತು, ಹಾಗೆ ಮಾಡಲಿಲ್ಲ. ಮೊದಲು ಸರಿ ಇರುವ ಒಂದು ಕಣ್ಣಿನ ಚಿತ್ರ ತೋರಿಸಿದರು. ಕಣ್ಣಿನ ನರ ಒಳಗೆ ಬಂದು ಸೇರುವ ಜಾಗ ಒಂದು ಸಣ್ಣ ತಟ್ಟೆಯ ಹಾಗೆ, ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟು. ಆಮೇಲೆ ನನ್ನದು. ಅಂಚೇ ಇಲ್ಲ. ಒದ್ದೆ ಬಟ್ಟೆಯ ಮೇಲೆ ಚಾಕ್‌ನಲ್ಲಿ ಗುರುತು ಹಾಕಿದರೆ ಹರಡುತ್ತದಲ್ಲ, ಹಾಗೆ. ಅಲ್ಲಲ್ಲಿ ರಕ್ತದ ಗೆರೆ. "ಎರಡೂ ಕಣ್ಣಿನ ನರ ಊದಿದೆ. ಆದರೆ ತೊಂದರೆ ಕಣ್ಣಿನದ್ದಲ್ಲ, ತಲೆಯೊಳಗಿನ ಪ್ರೆಷರ್‌ನದ್ದು" ಎಂದರು. ಇದಕ್ಕೆ ಪ್ಯಾಪಿಲೆಡಿಮಾ ಎಂದು ಹೆಸರು.

ತಲೆಯ ಪ್ರೆಷರಿಗೂ ಕಣ್ಣಿಗೂ ಎಂತ ಸಂಬಂಧ ಎಂದು ಕೇಳಿದೆ. ಮೇಡಂ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ನನ್ನ ಕಸುಬಿನ ಲೆಕ್ಕದಲ್ಲಿ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ನೀರು ಇರುತ್ತದೆ, ಆಸ್ಪತ್ರೆಯವರು ಸಿಎಸ್‌ಎಫ್ ಎನ್ನುತ್ತಾರೆ. ಒಟ್ಟು ಇರುವುದು ಸುಮಾರು 150 ಮಿಲಿ, ಒಂದು ಲೋಟ ಚಾಯದಷ್ಟು. ಆದರೆ ದಿನಕ್ಕೆ ಹೊಸದಾಗಿ ತಯಾರಾಗುವುದು ಸುಮಾರು ಅರ್ಧ ಲೀಟರ್. ಅಂದರೆ ಒಂದು ಕಡೆ ಬರುತ್ತಾ ಇರಬೇಕು, ಇನ್ನೊಂದು ಕಡೆ ರಕ್ತಕ್ಕೆ ಇಂಗಿ ಹೋಗುತ್ತಾ ಇರಬೇಕು. ಹೋಗುವುದು ಕಟ್ಟಿದರೆ ಪ್ರೆಷರ್ ಏರುತ್ತದೆ. ಸಣ್ಣ ಕೂಸುಗಳಿಗೆ ತಲೆಬುರುಡೆಯ ಎಲುಬು ಇನ್ನೂ ಕೂಡಿರುವುದಿಲ್ಲ, ಅವಕ್ಕೆ ತಲೆಯೇ ದೊಡ್ಡದಾಗುತ್ತದೆ. ನಮ್ಮ ತಲೆಯಲ್ಲಿ ಹೊಲಿಗೆ ಬಿಚ್ಚಿ ಅಗಲ ಮಾಡುವ ಅವಕಾಶ ಇಲ್ಲ.

ಕಣ್ಣಿನ ನರ ಬೇರೆ ನರಗಳ ಹಾಗಲ್ಲವಂತೆ. ಅದು ಮಿದುಳಿನದೇ ಒಂದು ತುಂಡು ಕಣ್ಣಿನವರೆಗೆ ಚಾಚಿಕೊಂಡ ಹಾಗೆ. ಹಾಗಾಗಿ ಮಿದುಳಿಗಿರುವ ಹೊದಿಕೆಯೂ ಅದರ ಸುತ್ತ ಕಣ್ಣುಗುಡ್ಡೆಯವರೆಗೆ ಬರುತ್ತದೆ, ಹೊದಿಕೆಯೊಳಗೆ ಅದೇ ನೀರು ಕೂಡ. ಲಂಗದ ಲಾಡಿ ಹೋಗುವ ಪಟ್ಟಿ ಗೊತ್ತಲ್ಲ? ಪಟ್ಟಿ ಹೊದಿಕೆ, ಲಾಡಿ ನರ. ಪಟ್ಟಿಯೊಳಗೆ ನೀರು ತುಂಬಿ ಬಿಗಿದರೆ ಲಾಡಿ ಹಿಚುಕಿದ ಹಾಗೆ ಆಗುತ್ತದೆ. ಆ ನರದಲ್ಲಿ ಹತ್ತು ಹನ್ನೆರಡು ಲಕ್ಷ ಎಳೆಗಳು ಇವೆಯಂತೆ, ಒಂದೊಂದು ಎಳೆಯ ಒಳಗೂ ಸಾಮಾನು ಸಾಗಣೆ ನಡೆಯುತ್ತಾ ಇರುತ್ತದೆ. ಅದು ನಿಂತು ಎಳೆ ಊದುತ್ತದೆ. ತುಂಬ ದಿನ ಹಾಗೇ ಬಿಟ್ಟರೆ ಎಳೆ ಸಾಯುತ್ತದೆ. ಸತ್ತದ್ದು ಹುಟ್ಟುವುದಿಲ್ಲ.

ಮತ್ತೆ ಅಕ್ಷರ ಎಲ್ಲ ಹೇಗೆ ಕಾಣುತ್ತದೆ? ಇದು ನಾನು ಎಲ್ಲರಿಗೂ ಹೇಳಬೇಕಾದ ವಿಷಯ, ಈ ಬರಹ ಬರೆಯುತ್ತಿರುವುದೂ ಇದಕ್ಕೇ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಬದಿಯ ನೋಟ. ನಡುವಿನದ್ದು ಕೊನೆಯವರೆಗೆ ಉಳಿಯಬಹುದು. ಗೋಡೆಯ ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ನಡುವಿನ ನೋಟದ ಕೆಲಸ. ಬಾಗಿಲಲ್ಲಿ ನಿಂತ ಗಿರಾಕಿ ಬದಿಯ ನೋಟದವಳು. ನಾನು ದಿನಾ ಸೂಜಿಯನ್ನೇ ಕಣ್ಣಿನ ಪರೀಕ್ಷೆ ಎಂದು ನಂಬಿ ಕೂತಿದ್ದೆ.

ಬದಿಯ ನೋಟ ಅಳೆಯುವುದು ಫೀಲ್ಡ್ ಟೆಸ್ಟಿನಲ್ಲಿ. ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದನ್ನು ಮಾಡಿಸಲು ಹೋಗುವವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ.

ಎರಡನೇ ಮಾಳಿಗೆಯಲ್ಲಿ ಒಂದು ಕತ್ತಲೆ ಕೋಣೆ. ಏಸಿ ವಿಪರೀತ, ಶಾಲು ತೆಗೆದುಕೊಂಡು ಹೋಗಿ. ಒಳಗೆ ಅರ್ಧ ಕವುಚಿದ ಬಿಳಿ ಬೋಗುಣಿಯ ಹಾಗಿನ ಒಂದು ಮೆಷಿನ್. ಒಂದು ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಗಲ್ಲ ಒಂದು ತಟ್ಟೆಯ ಮೇಲೆ, ಹಣೆ ಒಂದು ಪಟ್ಟಿಗೆ ಒತ್ತಿ ಕೂರಬೇಕು. ನಡುವೆ ಒಂದು ಹಳದಿ ಲೈಟು. ಕಣ್ಣು ಅದರ ಮೇಲೆಯೇ ಇರಬೇಕು, ಅಲ್ಲಾಡಬಾರದು. ಸುತ್ತ ಎಲ್ಲೆಲ್ಲೋ ಬಿಳಿ ಚುಕ್ಕಿ ಮಿಂಚಿ ಮಾಯ ಆಗುತ್ತದೆ. ಕಂಡರೆ ಕೈಯಲ್ಲಿರುವ ಬಟನ್ ಒತ್ತಬೇಕು, ಅಷ್ಟೇ. ನನಗೆ ಮಾಡಿದ್ದರಲ್ಲಿ ಒಂದು ಕಣ್ಣಿಗೆ 54 ಜಾಗಗಳನ್ನು ನೋಡುತ್ತದೆ. ಗಡಿಯಾರ ನೋಡಿದರೆ ಐದಾರು ನಿಮಿಷ, ಕೂತವರಿಗೆ ಅರ್ಧ ಗಂಟೆ.

ಮೊದಲ ಸಲ ನಾನು ಸೋತುಹೋದೆ. ತುಂಬ ಹೊತ್ತು ಏನೂ ಕಾಣಲಿಲ್ಲ, ಕುರುಡಿಯಾದೆ ಎಂದು ಎದೆ ಹೊಡೆದುಕೊಂಡಿತು. ಹೆದರಿಕೆಗೆ ಕಾಣದಿದ್ದರೂ ಬಟನ್ ಒತ್ತಿದೆ. ಮೆಷಿನ್ ಕಳ್ಳತನ ಹಿಡಿಯುತ್ತದೆ ಎಂದು ನನಗೇನು ಗೊತ್ತು. ಸುಮ್ನೆ ಒತ್ತಿದ್ದು, ಕಣ್ಣು ಆಚೀಚೆ ಆಡಿಸಿದ್ದು, ಎಲ್ಲದರ ಲೆಕ್ಕ ಚೀಟಿಯ ಮೇಲೆ ಪ್ರಿಂಟಾಗಿ ಬರುತ್ತದೆ. ಟೆಸ್ಟ್ ಮಾಡುವ ಹುಡುಗಿ ನಿಲ್ಲಿಸಿ, ಲೈಟು ಹಾಕಿ, ನನ್ನ ಎದುರು ಸ್ಟೂಲು ಎಳೆದು ಕೂತಳು.

"ಅಕ್ಕ, ಇದು ಫೇಲ್ ಆಗುವ ಪರೀಕ್ಷೆ ಅಲ್ಲ. ಕಣ್ಣು ಸರಿ ಇರುವವರಿಗೂ ಸುಮಾರು ಚುಕ್ಕಿ ಕಾಣುವುದಿಲ್ಲ. ಎಷ್ಟು ಮಬ್ಬಾದದ್ದು ನಿಮಗೆ ಕಾಣುತ್ತದೆ ಎಂದು ಅದು ಹುಡುಕುತ್ತಾ ಹೋಗುವುದು. ಹಾಗಾಗಿ ಕಾಣದ್ದು ಬಂದೇ ಬರುತ್ತದೆ. ಕಂಡರೆ ಒತ್ತಿ, ಇಲ್ಲದಿದ್ದರೆ ಆರಾಮ ಇರಿ. ಕಣ್ಣು ಮಿಟುಕಿಸಬೇಕಾದರೆ ಬಟನ್ ಒತ್ತುವಾಗಲೇ ಮಿಟುಕಿಸಿ. ಸುಸ್ತಾದರೆ ಬಟನ್ ಒತ್ತಿ ಹಿಡಿದುಕೊಳ್ಳಿ, ಮೆಷಿನ್ ನಿಲ್ಲುತ್ತದೆ."

ಹೊರಗೆ ಏಳೆಂಟು ಜನ ಕಾಯುತ್ತಿದ್ದರು. ಆದರೂ ಅಷ್ಟು ಹೊತ್ತು ಕೊಟ್ಟಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಆ ವಿಭಾಗಕ್ಕೆ ನಾನು ನಕ್ಷತ್ರ ಕೊಡುವುದಾದರೆ ಐದರಲ್ಲಿ ಎರಡು ಈ ಹುಡುಗಿಯ ಪಾಲಿಗೆ.

ಎರಡನೇ ಸಲದ ಪ್ರಿಂಟು ಸರಿ ಬಂತು. ಬೂದು ಬಣ್ಣದ ಚಿತ್ರ, ಕಾಣದ ಜಾಗ ಕಪ್ಪು. ಎಲ್ಲರ ಕಣ್ಣಿನಲ್ಲೂ ನರ ಒಳಗೆ ಬರುವ ಜಾಗದಲ್ಲಿ ನೋಟ ಇರುವುದಿಲ್ಲ, ಒಂದು ಕುರುಡು ಚುಕ್ಕೆ ಇದ್ದೇ ಇರುತ್ತದೆ. ನನ್ನದು ಊದಿದ ನರದಿಂದ ಹಿಗ್ಗಿ ದೊಡ್ಡ ಮಚ್ಚೆಯಾಗಿತ್ತು. ಸುತ್ತಲೂ ಅಂಚು ಮಬ್ಬು. ಎಡಗಣ್ಣಿನಲ್ಲಿ ಮೂಗಿನ ಬದಿ, ಕೆಳಗೆ, ಪೂರ್ತಿ ಕಪ್ಪು. ಇಸ್ತ್ರಿ ಪೆಟ್ಟಿಗೆ ಯಾಕೆ ಬಿತ್ತು ಎಂದು ಚಿತ್ರ ನೋಡಿಯೇ ಗೊತ್ತಾಯಿತು.

ಅವತ್ತು ನಡೆದದ್ದರಲ್ಲಿ ಇನ್ನೊಂದು ಮೆಚ್ಚುವ ವಿಷಯ ಉಂಟು. ಕಣ್ಣಿನ ಮೇಡಂ "ನ್ಯೂರೋಗೆ ತೋರಿಸಿ" ಎಂದು ಮಿದುಳು-ನರದ ಡಾಕ್ಟ್ರಿಗೆ ಚೀಟಿ ಬರೆದು ಕೈ ತೊಳೆದುಕೊಳ್ಳಲಿಲ್ಲ. ತಾವೇ ಫೋನ್ ಮಾಡಿದರು. ಊದಿದ ನರ ಎಂದರೆ ನಾಳೆ ನಾಡಿದ್ದು ಎನ್ನುವ ಕೇಸ್ ಅಲ್ಲ ಎಂದರು. ತಲೆಯಲ್ಲಿ ಗಡ್ಡೆ ಇರಬಹುದು, ತಲೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವೆರಡೂ ಇಲ್ಲ ಎಂದು ಮೊದಲು ಗೊತ್ತಾಗಬೇಕು. ಸಂಜೆಯೇ ಎಂಆರ್‌ಐ ಆಯಿತು, ರಕ್ತನಾಳದ್ದು ಸೇರಿಸಿ. ಎರಡೂ ಇರಲಿಲ್ಲ.

ನ್ಯೂರೋದವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರ ಅನಿಸಿತು. ಮೊಡವೆಗೆ ಮಾತ್ರೆ ತೆಗೆದುಕೊಂಡಿದ್ದೀರಾ? ಇಲಿಜ್ವರಕ್ಕೆ? ವಿಟಮಿನ್ ಎ? ಗರ್ಭ ನಿಲ್ಲದ ಹಾಗೆ ತೆಗೆದುಕೊಳ್ಳುವ ಮಾತ್ರೆ? ಸ್ಟೀರಾಯ್ಡ್ ತೆಗೆದುಕೊಂಡು ನಿಲ್ಲಿಸಿದ್ದೀರಾ? ಟೆಟ್ರಾಸೈಕ್ಲಿನ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ತಲೆಯ ಪ್ರೆಷರ್ ಏರುತ್ತದಂತೆ. ನಮ್ಮ ಕಡೆ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಆ ಜಾತಿಯದ್ದೇ. ಹಾಗೆಂದು ಇಲಿಜ್ವರ ಬಂದಾಗ ಡಾಕ್ಟ್ರು ಕೊಟ್ಟ ಮಾತ್ರೆ ಬಿಡಬೇಡಿ ಮಾರಾಯ್ರೆ, ಅದು ಜೀವದ ಪ್ರಶ್ನೆ. ನಾನು ಅದು ಯಾವುದನ್ನೂ ತೆಗೆದುಕೊಂಡಿರಲಿಲ್ಲ. ಉಳಿದದ್ದು ಆ ಹತ್ತು ಕಿಲೋ. ಈ ಕಾಯಿಲೆ ಹೆಚ್ಚಾಗಿ ಬರುವುದು ಮಕ್ಕಳಾಗುವ ವಯಸ್ಸಿನ, ತೂಕ ಜಾಸ್ತಿ ಇರುವ ಹೆಂಗಸರಿಗೆ. ತೂಕ ಏರುವುದಕ್ಕೂ ಪ್ರೆಷರ್ ಏರುವುದಕ್ಕೂ ನಂಟು ಉಂಟು. ನಂಟು ಹೇಗೆ ಎಂಬುದು ಡಾಕ್ಟ್ರುಗಳಿಗೂ ಪೂರ್ತಿ ಬಿಡಿಸಿಲ್ಲವಂತೆ. ಕಾಯಿಲೆಯ ಹೆಸರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಶನ್, ಅಂದರೆ ಕಾರಣ ತಿಳಿಯದೆ ತಲೆಯೊಳಗೆ ಏರಿದ ಪ್ರೆಷರ್. ಹೆಸರಿನಲ್ಲೇ ಇಡಿಯೋಪಥಿಕ್, ಕಾರಣ ತಿಳಿಯದ್ದು, ಎಂದು ಹಾಕಿದ್ದಾರೆ. ಮೊದಲು ಬಿನೈನ್, ಅಂದರೆ ಅಪಾಯ ಇಲ್ಲದ್ದು ಎನ್ನುತ್ತಿದ್ದರಂತೆ. ಕಣ್ಣು ಹೋಗುವುದು ಅಪಾಯ ಅಲ್ಲ ಎಂದು ಯಾರಿಗೆ ಕಂಡಿತೋ! ಪುಣ್ಯಕ್ಕೆ ಆ ಮಾತನ್ನು ಈಗ ಬಿಟ್ಟಿದ್ದಾರೆ.

ಮಾರನೇ ದಿನ ಬೆನ್ನಿನಿಂದ ನೀರು ತೆಗೆದರು. ಇದಕ್ಕೆ ಎಲ್ಲರೂ ಹೆದರುತ್ತಾರೆ. ನಾನೂ ಹೆದರಿದ್ದೆ, ಸೊಂಟ ಬೀಳುತ್ತದೆ ಎಂದು ನೆರೆಮನೆಯ ಬಾಯಮ್ಮ ಫೋನಿನಲ್ಲಿ ಹೇಳಿದ್ದರು. ಜರ್ಮನಿಯ ಕ್ವಿಂಕೆ ಎನ್ನುವ ಡಾಕ್ಟ್ರು 1891ರಲ್ಲಿ ಶುರು ಮಾಡಿದ ಕ್ರಮ ಇದು, ನೂರಮೂವತ್ತು ವರ್ಷದಿಂದ ಮಾಡುತ್ತಾ ಇದ್ದಾರೆ ಎಂದು ಕಲಿಯುವ ಮಕ್ಕಳಿಗೆ ದೊಡ್ಡ ಡಾಕ್ಟ್ರು ಹೇಳುವುದು ಕೇಳಿಸಿತು. ಬದಿಗೆ ಮಲಗಿಸಿ, ಮೊಣಕಾಲು ಎದೆಗೆ ತಾಗುವಷ್ಟು ಮಡಚಿಸಿ, ಸೊಂಟದ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಉದ್ದ ಸೂಜಿ ಹಾಕುತ್ತಾರೆ. ಸೂಜಿಗೆ ಒಂದು ಗಾಜಿನ ಹಾಗಿನ ಕೊಳವೆ ಸಿಕ್ಕಿಸಿ ನೆಟ್ಟಗೆ ಹಿಡಿದರೆ ನೀರು ಅದರಲ್ಲಿ ಏರುತ್ತದೆ. ಎಷ್ಟು ಸೆಂಟಿಮೀಟರ್ ಏರಿತು ಎಂಬುದೇ ಪ್ರೆಷರ್. 25ಕ್ಕಿಂತ ಮೇಲೆ ಹೋದರೆ ಜಾಸ್ತಿ. ನನ್ನದು 36. ಕೊಳವೆಯೇ ಮುಗಿಯುತ್ತಾ ಬಂತು ಎಂದು ಒಬ್ಬ ಹುಡುಗ ಪಿಸುಗುಟ್ಟಿದ. ನೀರು ಬಾವಿ ನೀರಿನಷ್ಟು ತಿಳಿ ಇತ್ತು. ಸೋಂಕು ಏನೂ ಇರಲಿಲ್ಲ.

ಸೊಂಟ ಬೀಳಲಿಲ್ಲ. ಆದರೆ ತಮಾಷೆ ನೋಡಿ. ಮೊದಲು ಮಲಗಿದರೆ ತಲೆನೋವು ಜಾಸ್ತಿ ಇತ್ತು, ಈಗ ಎರಡು ದಿನ ಎದ್ದು ಕೂತರೆ ಜಾಸ್ತಿ. ಸೂಜಿ ಹಾಕಿದ ತೂತಿನಿಂದ ನೀರು ಒಳಗೊಳಗೇ ಸೋರಿ ಪ್ರೆಷರ್ ಕಮ್ಮಿಯಾದರೆ ಹಾಗಾಗುತ್ತದಂತೆ. ಮಲಗಿ, ನೀರು, ಕಾಫಿ ಕುಡಿದು ಸರಿಯಾಯಿತು. ಕಿವಿಯ ಶಬ್ದ ಆವತ್ತು ರಾತ್ರಿ ನಿಂತಿತು. ಎಷ್ಟೋ ತಿಂಗಳ ಮೇಲೆ ಫ್ಯಾನಿನ ಶಬ್ದ ಮಾತ್ರ ಕೇಳಿದೆ.

ಮಾತ್ರೆಯ ಹೆಸರು ಅಸೆಟಜೋಲಮೈಡ್. ಆ ನೀರು ತಯಾರಾಗುವುದನ್ನೇ ಅದು ಕಮ್ಮಿ ಮಾಡುತ್ತದೆ. ಉತ್ತರ ಅಮೆರಿಕದಲ್ಲಿ 165 ಜನರ ಮೇಲೆ ಆರು ತಿಂಗಳು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಬರೀ ಪಥ್ಯ ಮಾಡಿದವರಿಗಿಂತ ಪಥ್ಯದ ಜೊತೆ ಈ ಮಾತ್ರೆ ತೆಗೆದುಕೊಂಡವರ ಬದಿಯ ನೋಟ ಸ್ವಲ್ಪ ಹೆಚ್ಚು ಸುಧಾರಿಸಿತು ಎಂದು ಮೇಡಂ ಹೇಳಿದರು. ಸ್ವಲ್ಪ ಎಂಬ ಶಬ್ದವನ್ನು ಅವರು ನುಂಗದೆ ಹೇಳಿದ್ದು ನನಗೆ ಹಿಡಿಸಿತು. ಕಿಡ್ನಿಯಲ್ಲಿ ಕಲ್ಲು ಇತ್ತಾ, ಸಲ್ಫಾ ಮಾತ್ರೆ ಆಗದಿರುವುದು ಉಂಟಾ ಎಂದು ಮೊದಲೇ ಕೇಳಿದರು. ಅದರ ಉಪದ್ರವ ಕೂಡ ಕಮ್ಮಿ ಇಲ್ಲ. ಬೆರಳ ತುದಿ, ಬಾಯಿಯ ಸುತ್ತ ಜುಮ್ಮೆನ್ನುತ್ತದೆ. ಟೈಲರ್‌ಗೆ ಬೆರಳು ಜುಮ್ಮೆಂದರೆ ಹೇಗಾಗಬೇಕು? ಕೈಹೊಲಿಗೆ ಹಾಕುವಾಗ ಸೂಜಿ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಗೋಲಿ ಸೋಡಾ ಕುಡಿದರೆ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ಮತ್ತೆ ಗಳಿಗೆಗೊಮ್ಮೆ ಮೂತ್ರಕ್ಕೆ. ಎಕ್ಸ್‌ಪ್ರೆಸ್ ಬಸ್ಸಿನವರು ನಿಲ್ಲಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗಿನ ಮಾತ್ರೆಯನ್ನು ಅಲ್ಲಿ ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದಾ ಎಂದು ಕೇಳಿ ಒಪ್ಪಿಗೆ ಪಡೆದೆ.

ಇನ್ನು ದೂರುಗಳು. ಪಥ್ಯದ ಚೀಟಿ. ಅಚ್ಚು ಹಾಕಿದ ಕಾಗದ, ಪೂರ್ತಿ ಇಂಗ್ಲಿಷಿನಲ್ಲಿ. ತಂಗಿಯ ಮಗಳ ಹತ್ತಿರ ಓದಿಸಿದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಎರಡು ಚಪಾತಿ. ನಾವು ಚಪಾತಿ ಮಾಡುವುದು ಯಾರಾದರೂ ನೆಂಟರು ಬಂದರೆ. ಕುಚ್ಚಲಕ್ಕಿ ಗಂಜಿ ಎಷ್ಟು ಸೌಟು ಉಣ್ಣಬಹುದು, ನೀರುದೋಸೆ ಎಷ್ಟು, ಬೂತಾಯಿ ಹುರಿಯದೆ ಪುಳಿಮುಂಚಿ ಮಾಡಿದರೆ ಆಗುತ್ತದಾ, ಇದರ ಬಗ್ಗೆ ಒಂದು ಅಕ್ಷರ ಇಲ್ಲ. ಮಂಗಳೂರಿನಲ್ಲಿ ಕೂತು ಬರೆದ ಚೀಟಿಯಲ್ಲಿ ಮೀನಿನ ಹೆಸರೇ ಇಲ್ಲ ಎಂದರೆ! ಕೊನೆಗೆ ನಾನೇ ಲೆಕ್ಕ ಹಾಕಿದೆ. ಗಂಜಿ ಅರ್ಧ, ಪಲ್ಯ ಜಾಸ್ತಿ, ಗೋಳಿಬಜೆ ಬಂದ್, ಸಂಜೆ ಬೀಚಿನವರೆಗೆ ನಡಿಗೆ. ಸದ್ಯಕ್ಕೆ ನೂರಕ್ಕೆ ಆರರಷ್ಟು ಇಳಿಸಿ ಎಂದಿದ್ದರು. 84 ಇದ್ದವಳು ಈಗ 77.

ಎರಡನೆಯದು ಓಡಾಟ. ದುಡ್ಡು ಕಟ್ಟುವುದು ಕೆಳಗೆ, ಫೀಲ್ಡ್ ಟೆಸ್ಟ್ ಎರಡನೇ ಮಾಳಿಗೆ, ಎಂಆರ್‌ಐ ಬೇರೆ ಕಟ್ಟಡ. ನೋಟ ಕಮ್ಮಿ ಇರುವವರನ್ನು, ಅದೂ ಡ್ರಾಪ್ಸ್ ಹಾಕಿದವರನ್ನು, ಮೆಟ್ಟಿಲು ಹತ್ತಿಸಿ ಇಳಿಸುವುದು ಯಾವ ನ್ಯಾಯ? ಲಿಫ್ಟ್ ಉಂಟು, ಅದರ ಮುಂದೆ ಸ್ಟ್ರೆಚರಿನವರ ಸಾಲು. ಮೂರನೆಯದು, ಎರಡನೇ ಫೀಲ್ಡ್ ಟೆಸ್ಟಿಗೆ ಐದು ವಾರ ಬಿಟ್ಟು ದಿನ ಕೊಟ್ಟರು. ಡಾಕ್ಟ್ರು ಎರಡು ವಾರ ಎಂದು ಬರೆದಿದ್ದರೂ ಕೌಂಟರಿನಲ್ಲಿ ಆಗುವುದಿಲ್ಲ ಎಂದರು. ಇಲ್ಲಿ ನಾನು ಗಟ್ಟಿಯಾಗಿ ಮಾತಾಡಿದೆ. ಸಿಕ್ಕಿತು. ಗಟ್ಟಿ ಮಾತಾಡಲು ಬಾರದವರು ಏನು ಮಾಡಬೇಕು?

ಆಪರೇಷನ್ ನನಗೆ ಬೇಕಾಗಲಿಲ್ಲ. ಪಕ್ಕದ ಬೆಡ್ಡಿನಲ್ಲಿದ್ದ ಹುಡುಗಿಗೆ ಬೇಕಾಯಿತು. ಅವಳ ನೋಟ ಒಂದೇ ವಾರದಲ್ಲಿ ಇಳಿದಿತ್ತಂತೆ, ಮಾತ್ರೆಗೆ ಕಾಯುವಷ್ಟು ಹೊತ್ತು ಇರಲಿಲ್ಲ. ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಅಡಿಯಲ್ಲಿ ಸಣ್ಣ ಕೊಳವೆ ಹಾಕಿದರು, ಹೆಚ್ಚಾದ ನೀರು ಹೊಟ್ಟೆಗೆ ಇಳಿಯಲಿ ಎಂದು. ಅದು ಕಟ್ಟಿಕೊಂಡರೆ ಮತ್ತೆ ಆಪರೇಷನ್. ಕಣ್ಣಿನ ನರದ ಹೊದಿಕೆಗೇ ಸಣ್ಣ ಕಿಟಕಿ ಕೊಯ್ದು ಬಿಡುವ ಕ್ರಮವೂ ಉಂಟಂತೆ. ಕೇಳಿದಾಗ ನನಗೆ ಲಾಡಿಪಟ್ಟಿಗೆ ತೂತು ಬಿಡುವುದು ನೆನಪಾಯಿತು. ಅವಳಿಗೆ ಹೇಳಿದೆ, ನಕ್ಕಳು. ಅವಳಿಗೆ ಆಗ ಎಲ್ಲವೂ ಎರಡೆರಡು ಕಾಣುತ್ತಿತ್ತು. ಕಣ್ಣನ್ನು ಹೊರಬದಿಗೆ ತಿರುಗಿಸುವ ನರವೂ ಈ ಪ್ರೆಷರಿಗೆ ಸಿಕ್ಕಿ ಸೋತರೆ ಹಾಗಾಗುತ್ತದೆ.

ನನ್ನ ಹತ್ತಿರ ಈಗ ಐದು ಪ್ರಿಂಟುಗಳಿವೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಇಟ್ಟಿದ್ದೇನೆ, ಅದೂ ಅಳತೆಯೇ ಅಲ್ವಾ. ಸುತ್ತಲಿನ ಮಬ್ಬು ಮೂರನೆಯದರಲ್ಲಿ ತಿಳಿಯಾಗಿದೆ. ಕುರುಡು ಚುಕ್ಕೆ ಸಣ್ಣದಾಗಿದೆ. ನರದ ಊತ ಇಳಿದಿದೆ ಎಂದು ಓಸಿಟಿ ಎಂಬ, ಬೆಳಕು ಹಾಯಿಸಿ ಕಣ್ಣಿನ ಪದರದ ದಪ್ಪ ಅಳೆಯುವ ಸ್ಕ್ಯಾನ್‌ನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ತೋರಿಸಿದರು. ಊತ ಇಳಿಯುವುದು ಒಳ್ಳೆಯದೇ, ಆದರೆ ಎಳೆ ಸತ್ತು ತೆಳ್ಳಗಾದರೂ ಊತ ಇಳಿದ ಹಾಗೇ ಕಾಣುತ್ತದೆ, ಹಾಗಾಗಿ ಫೀಲ್ಡ್ ಟೆಸ್ಟ್ ಬಿಡಬಾರದು ಎಂದರು. ಎಡಗಣ್ಣಿನ ಮೂಗಿನ ಬದಿಯ ಕೆಳಗಿನ ಕಪ್ಪು ಐದನೆಯದರಲ್ಲೂ ಹಾಗೇ ಉಂಟು. ಅದು ಬರುವುದಿಲ್ಲ. ಎರಡೂ ಕಣ್ಣು ತೆರೆದಿದ್ದರೆ ಬಲಗಣ್ಣು ಆ ಜಾಗ ನೋಡಿಕೊಳ್ಳುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. ಬಲಗಣ್ಣು ಮುಚ್ಚಿದರೆ ಮಾತ್ರ ಕತ್ತರಿಯ ಹಿಡಿಕೆ ಮಾಯ. ಮೈಗ್ರೇನ್ ಮಾತ್ರೆ ತಿಂದ ಮೂರು ತಿಂಗಳ ಗುರುತು ಎಂದು ಅದನ್ನು ಕರೆಯುತ್ತೇನೆ.

ಹೋಗುವವರಿಗೆ: ಬೆಳಿಗ್ಗೆ ಏಳೂವರೆಗೆ ಮುಟ್ಟಿ. ಕ್ಯಾಂಟೀನಿನ ಬನ್ಸ್ ಚೆನ್ನಾಗಿರುತ್ತದೆ, ನನಗೆ ಆಗುವುದಿಲ್ಲ ಅಷ್ಟೇ. ಹಳೆಯ ಪ್ರಿಂಟುಗಳನ್ನು ಪ್ರತಿ ಸಲ ತೆಗೆದುಕೊಂಡು ಹೋಗಿ, ಕಂಪ್ಯೂಟರಿನಲ್ಲಿ ಸಿಗುತ್ತದೆ ಎಂದು ನಂಬಬೇಡಿ. ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ಪಥ್ಯದ ಚೀಟಿಗೆ ಮತ್ತು ಮೆಟ್ಟಿಲಿಗೆ.

ಫೀಲ್ಡ್ ಟೆಸ್ಟಿನ ಹುಡುಗಿಗೆ ನಾನು ಟೈಲರ್ ಎಂದು ಹೋದ ಸಲ ಗೊತ್ತಾಯಿತು. ಅಣ್ಣನ ಮದುವೆಗೆ ಬ್ಲೌಸ್ ಪೀಸ್ ಕೊಟ್ಟಿದ್ದಾಳೆ, ಹಸಿರು ಕಾಂಜೀವರಂ. ಬರುವ ತಿಂಗಳು 14ಕ್ಕೆ ನನ್ನ ಆರನೇ ಟೆಸ್ಟ್, ಅವತ್ತೇ ಅವಳ ಟ್ರಯಲ್. ತೋಳು ಎಷ್ಟು ಉದ್ದ ಬೇಕು ಎಂದು ಇನ್ನೂ ಹೇಳಿಲ್ಲ.